ಎರಡು ಟೀ ಶರ್ಟಿನ ಲಂಗ

ನಮ್ಮವ್ವ ನಡೆಯಲು ಒಪ್ಪದೆ ನನ್ನ ಮನೆಯಲ್ಲಿ ಮಲಗಿದ್ದು ಹದಿನಾರು ದಿನ. ದಿನ ಎಣಿಸುವ ಅಭ್ಯಾಸ ನನಗಿಲ್ಲ. ಆದರೆ ಆ ಹದಿನಾರು ದಿನ ನಾನೂ ನೆಟ್ಟಗೆ ಉಣ್ಣಲಿಲ್ಲ, ಮನೆಯಲ್ಲಿದ್ದವರನ್ನೂ ನೆಟ್ಟಗೆ ಉಣ್ಣಲು ಬಿಡಲಿಲ್ಲ, ಹಾಗಾಗಿ ನೆನಪಿದೆ.

ಹನಕೆರೆ ಪಕ್ಕದ ಊರು ನಮ್ಮದು. ಅಲ್ಲಿ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಅವ್ವ ತೊಡೆಯ ಮೂಳೆ ಮುರಿದುಕೊಂಡಳು. ಮಂಡ್ಯದಲ್ಲಿ ಆಪರೇಷನ್ ಆಯಿತು, ಒಳಗೆ ರಾಡು ಕೂತಿತು. ಊರ ಮನೆಯ ಬಚ್ಚಲಿಗೆ ಹೋಗಬೇಕಾದರೆ ಹಿತ್ತಿಲಿಗೆ ಮೂರು ಮೆಟ್ಟಿಲು ಇಳಿಯಬೇಕು. ಅದಕ್ಕೇ ನಡೆಯುವಂತಾಗುವವರೆಗೆ ಮದ್ದೂರಿನ ನನ್ನ ಮನೆಯಲ್ಲಿರಲಿ ಎಂದು ನಾನೂ ಅಣ್ಣನೂ ತೀರ್ಮಾನ ಮಾಡಿದೆವು. ಅವ್ವನನ್ನು ಕೇಳಲಿಲ್ಲ. ಮಗಳ ಮನೆಯಲ್ಲಿ ಒಂದು ಹೊತ್ತು ಉಂಡು, ಎಲೆ ಅಡಿಕೆ ಹಾಕಿಕೊಂಡು, ಸಂಜೆ ರೈಲಿಗೆ ಹೊರಟುಬಿಡುವುದು ಅವಳ ಕ್ರಮ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು.

ಡಾಕ್ಟರು ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಮೂಳೆ ಚೆನ್ನಾಗಿ ಕೂತಿದೆ. ನಾಳೆಯಿಂದಲೇ ವಾಕರ್ ಹಿಡಿಸಿ ನಡೆಸಿ. ಈ ವಯಸ್ಸಲ್ಲಿ ಹಾಸಿಗೆ ರೂಢಿಯಾದರೆ ಆಮೇಲೆ ಏಳಿಸೋದು ಕಷ್ಟ," ಎಂದಿದ್ದರು. ನಾನು ಮಳವಳ್ಳಿಯಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತೆ. ಇಪ್ಪತ್ತು ದಿನ ರಜೆ ಹಾಕಿ, ಅಷ್ಟರಲ್ಲಿ ಅವ್ವನನ್ನು ಓಡಾಡಿಸಿಬಿಡುತ್ತೇನೆ ಎಂದುಕೊಂಡು ಬಂದೆ. ಎಂಥೆಂಥ ಕಡತ ಎಬ್ಬಿಸಿದವಳು ನಾನು, ಅವ್ವನನ್ನು ಎಬ್ಬಿಸಲಾರೆನೇ ಅಂತ.

ಎಬ್ಬಿಸಲಾಗಲಿಲ್ಲ. ಮೊದಲ ದಿನ ತಲೆ ಸುತ್ತು ಅಂದಳು. ಎರಡನೆಯ ದಿನ ಇವತ್ತು ಮಂಗಳವಾರ ಅಂದಳು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಹುಡುಗಿ ಮಲಗಿದಲ್ಲೇ ಕಾಲು ಎತ್ತಿಸಿದರೆ ಎತ್ತುತ್ತಿದ್ದಳು, ಪಾದ ಆಡಿಸು ಅಂದರೆ ಆಡಿಸುತ್ತಿದ್ದಳು. ವಾಕರ್ ತಂದು ಮುಂದಿಟ್ಟರೆ ಗೋಡೆ ಕಡೆ ತಿರುಗುತ್ತಿದ್ದಳು.

ನಾನು ಇದೆಲ್ಲ ಸೀರೆಯ ತೊಂದರೆ ಅಂದುಕೊಂಡೆ. ಆಸ್ಪತ್ರೆಯಿಂದ ಬಂದ ಸಂಜೆಯೇ ಒಂದು ಸಲ ಸೀರೆಯಲ್ಲೇ ನಿಲ್ಲಿಸಿದ್ದೆವು. ವಾಕರಿನ ಕಾಲಿನ ಕೆಳಗೆ ಸೀರೆಯ ಅಂಚು ಸಿಕ್ಕಿಕೊಂಡಿತು. ಗಾಯ ಸೊಂಟದ ಪಕ್ಕದಲ್ಲೇ ಇದ್ದುದರಿಂದ ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವಂತೆಯೂ ಇರಲಿಲ್ಲ. ಅವತ್ತು ಕೂತವಳು ಮತ್ತೆ ಏಳಲಿಲ್ಲ.

ಹಾಗಾದರೆ ನೈಟಿ ಹಾಕಿಕೊಳ್ಳಬಹುದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಆದರೆ ನಮ್ಮೂರಲ್ಲಿ ನೈಟಿಯ ಮೇಲೆ ಯುದ್ಧ ಹೂಡಿದವಳು ನಮ್ಮವ್ವ. ನಲ್ಲಿ ನೀರಿಗೆ ನೈಟಿಯಲ್ಲಿ, ಹೆಗಲಿಗೊಂದು ಟವೆಲ್ ಹಾಕಿಕೊಂಡು ಬರುವ ಸೊಸೆಯರನ್ನೆಲ್ಲ ಜಗಲಿ ಮೇಲೆ ಕೂತು ಮಾತಲ್ಲೇ ಒಗೆದು ಹಿಂಡಿದ್ದಾಳೆ. "ಗೋಣಿಚೀಲಕ್ಕೆ ತೋಳು ಒಲಿಸ್ಕಂಡು ಬತ್ತಾವ್ರೆ ನೋಡು. ಮ್ಯಾಲೊಂದು ಟವಲ್ಲು ಆಕ್ಕಂಡ್ರೆ ಮಾನ ಬಂದ್ಬುಡ್ತದಾ?" ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಮನೆಯೊಳಗೆ ನೈಟಿ ಹಾಕಲು ಶುರುಮಾಡಿದಾಗ ಮೂರು ದಿನ ಅವಳ ಕೈಯ ನೀರು ಕುಡಿಯಲಿಲ್ಲ. ಆಮೇಲೆ ಕುಡಿದಳು, ಆದರೆ ಬಯ್ಯುವುದು ನಿಲ್ಲಿಸಲಿಲ್ಲ.

ಅಂಥ ಅತ್ತಿಗೆಯೇ ಒಂದು ಬೆಳಿಗ್ಗೆ ಹನಕೆರೆಯಲ್ಲಿ ರೈಲು ಹತ್ತಿ ಬಂದಳು. ಒಂದು ಕೈಯಲ್ಲಿ ಅವ್ವನ ಕೆಳಗೆ ಹಾಸಲು, ಒರೆಸಲು ಹಳೆ ಬಟ್ಟೆಗಳ ಚೀಲ. ಇನ್ನೊಂದು ಕೈಯಲ್ಲಿ ಹಸಿರು ಹೂವಿನ ಹೊಸ ನೈಟಿ.

"ಅತ್ತೆ, ಇದು ಮುಂದ್ಗಡೆ ಜಿಪ್ ಇರೋದು. ಕಾಲು ಎತ್ತೋ ಅಂಗೇ ಇಲ್ಲ. ಇಲ್ಲಿ ನಮ್ಮೂರೋರು ಯಾರವ್ರೆ ನೋಡಕ್ಕೆ?"

ಅವ್ವ ಅದನ್ನು ಮುಟ್ಟಿಯೂ ನೋಡಲಿಲ್ಲ. "ನಾನು ಬೀದೀಲಿ ಯಾರ್‍ಯಾರಿಗೆ ಏನೇನ್ ಅಂದಿವ್ನಿ ಅಂತ ನಿಂಗೇ ಗೊತ್ತು. ಈಗ ನಾನೇ ಆಕ್ಕಂಡ್ರೆ ಮಕಕ್ಕೆ ಉಗೀತಾರೆ. ತಕ್ಕಂಡೋಗು."

ಅತ್ತಿಗೆ ಅಡುಗೆಮನೆಗೆ ಬಂದು ನಕ್ಕಳು, ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಇವರು ಬಯ್ಯದೆ ಮನೇಲಿ ಉಪ್ಪೇ ಇಲ್ದಂಗಾಗದೆ ಕಣಮ್ಮಿ," ಎಂದು ಹೇಳಿ ಸಂಜೆ ರೈಲಿಗೆ ಹೊರಟಳು.

ಹದಿನಾಲ್ಕನೆಯ ದಿನ ವ್ಯಾಯಾಮದ ಹುಡುಗಿ ಬಾಗಿಲ ಹೊರಗೆ ನಿಂತು, ಕಾಲಿನ ಮಾಂಸ ಕರಗುತ್ತಿದೆ, ಇನ್ನೊಂದು ವಾರ ಹೀಗೇ ಆದರೆ ತನ್ನ ಕೈಯಲ್ಲೂ ಏನೂ ಆಗುವುದಿಲ್ಲ ಎಂದಳು. ಭಯ ಬಂದರೆ ನನಗೆ ಸಿಟ್ಟಾಗಿಯೇ ಹೊರಗೆ ಬರುವುದು, ಅದು ಅವ್ವನಿಂದಲೇ ಬಂದ ಬಳುವಳಿ. ಒಳಗೆ ಹೋದವಳೇ, "ಸರಿ ಕಣವ್ವ, ಬಿದ್ದಿರು ಇಲ್ಲೇ. ನಿಂಗೆ ಎದ್ದೇಳೋ ಮನಸ್ಸಿಲ್ಲ, ನಮ್ಮನ್ನೆಲ್ಲ ಸುತ್ತ ಕುಣಿಸೋ ಮನಸ್ಸು," ಅಂದುಬಿಟ್ಟೆ. ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವ ಅವ್ವ ಅವತ್ತು ಹೊದಿಕೆಯನ್ನು ಸೊಂಟದ ಮೇಲಕ್ಕೆ ಎಳೆದುಕೊಂಡಳು, ಅಷ್ಟೇ. ನನಗೆ ನಾಚಿಕೆಯಾಯಿತು. ಹೋಗಿ ಬಚ್ಚಲಲ್ಲಿ ನಿಂತು ಅತ್ತೆ.

ಅವತ್ತು ಮಧ್ಯಾಹ್ನ ಒರೆಸುವ ಬಟ್ಟೆ ಬೇಕಾಗಿ ಹಳೆ ಬಟ್ಟೆಯ ಗಂಟು ಬಿಚ್ಚಿದೆ. ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವಳು ಬಂದಾಗ ಹಾಕೋಣ ಎಂದು ಕಟ್ಟಿಟ್ಟ ಗಂಟು. ಮೇಲೇ ನಮ್ಮ ಯಜಮಾನರ ನೀಲಿ ಟೀ ಶರ್ಟಿತ್ತು. ಎತ್ತಿ ಹಿಡಿದೆ. ತೋಳಿನ ಕೆಳಗೆ ಅಡ್ಡಕ್ಕೆ ಕತ್ತರಿಸಿದರೆ ಉಳಿಯುವುದು ಒಂದು ಲಂಗವೇ ಅಲ್ಲವೇ ಅನ್ನಿಸಿತು. ಎಳೆದರೆ ಹಿಗ್ಗುತ್ತದೆ. ಲಾಡಿ ಬೇಡ. ಮುಖ್ಯವಾಗಿ, ನೈಟಿಯಲ್ಲ.

"ಅದು ನಾನು ವಾಕಿಂಗ್‌ಗೆ ಹಾಕೋದು ಕಣೇ," ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

"ನೀವು ವಾಕಿಂಗ್ ಹೋದ ದಿನ ಹೇಳಿ, ವಾಪಸ್ ಕೊಡ್ತೀನಿ."

ಮಾತು ಅಲ್ಲಿಗೆ ಮುಗಿಯಿತು. ಒಂದು ಟೀ ಶರ್ಟು ಅವ್ವನಿಗೆ ಮಂಡಿಯವರೆಗೆ ಬರುತ್ತಿತ್ತು. ಮಂಡಿ ಕಾಣುವ ಬಟ್ಟೆ ಕೊಟ್ಟರೆ ಅವಳು ನನ್ನನ್ನೇ ಮನೆಯಿಂದ ಓಡಿಸುತ್ತಾಳೆ. ಕೆಳಗೆ ನೀಲಿ, ಮೇಲೆ ಇನ್ನೊಂದು ಎಂದು ಲೆಕ್ಕ ಹಾಕಿ ಅತ್ತಿಗೆಯ ಚೀಲ ತಡಕಿದೆ. ಒಗೆದು ಒಗೆದು ಮೆತ್ತಗಾದ ಕೇಸರಿ ಬಣ್ಣದ್ದೊಂದು ಸಿಕ್ಕಿತು. ನಮ್ಮ ಕಡೆ ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಮಾಡಿ ಒಣಗಿಸಿ ಹಾಗೇ ಮಡಚಿಡುತ್ತೇವೆ. ಅದೂ ಹಾಗೇ ಇತ್ತು. ಒಳಗಡೆ ರಬ್ಬರಿನಂಥ ಅಚ್ಚು ಬೆರಳಿಗೆ ತಗುಲಿತು. ಯಾವುದೋ ಅಂಗಡಿಯ ಜಾಹೀರಾತಿರಬೇಕು ಎಂದುಕೊಂಡು, ನೆಲದ ಮೇಲೆ ಹಾಸಿ, ಕಂಕುಳ ಕೆಳಗೆ ಅಡ್ಡಕ್ಕೆ ಕತ್ತರಿ ಆಡಿಸಿದೆ.

ಮಗುಚಿ ನೋಡಿದರೆ ಮಾದಪ್ಪ.

ಪ್ರತಿವರ್ಷ ಅಣ್ಣ ಊರಿನವರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾನೆ. ಮಳವಳ್ಳಿಯಲ್ಲಿ ನಮ್ಮ ಕಚೇರಿಯ ಮುಂದೆಯೇ ಹಾದುಹೋಗುತ್ತಾರೆ, ನಾನು ಮಜ್ಜಿಗೆ ಕೊಟ್ಟು ಕಳಿಸುತ್ತೇನೆ. ಆ ಪಾದಯಾತ್ರೆಯ ಟೀ ಶರ್ಟು ಅದು. ಹುಲಿಯ ಮೇಲೆ ಕೂತ ಮಾದಪ್ಪನ ಚಿತ್ರ. ನನ್ನ ಕತ್ತರಿ ಸರಿಯಾಗಿ ನಡುವೆ ಹೋಗಿತ್ತು. ದೇವರು ಈ ಕಡೆ, ಹುಲಿ ಆ ಕಡೆ. ದೇವರ ಒಂದು ಪಾದ ಮಾತ್ರ ಹುಲಿಯ ಹೊಟ್ಟೆಯ ಪಕ್ಕ ಉಳಿದಿತ್ತು.

ನಾನು ಅಂಥ ಭಕ್ತೆಯೇನಲ್ಲ, ಆದರೂ ಕೆನ್ನೆಗೆ ಹೊಡೆದುಕೊಂಡೆ. ಅತ್ತಿಗೆಗೆ ಫೋನ್ ಮಾಡಿದರೆ, "ಅದು ಎಂಗೆ ಆ ಚೀಲಕ್ಕೆ ಬಂತೋ ಕಾಣೆ. ಅತ್ತೆಗೆ ಏಳ್ಬೇಡ ಕಣಮ್ಮಿ, ಇಬ್ರೂ ಕೆಡ್ತೀವಿ," ಎಂದಳು. ದೇವರ ಬಟ್ಟೆಯನ್ನು ಸೊಂಟದ ಕೆಳಗೆ ಉಡುವುದುಂಟೇ? ಅವ್ವನಿಗೆ ತಿಳಿದರೆ ಕಾಲು ಮುರಿದದ್ದೂ ಅದಕ್ಕೇ, ಇನ್ನು ಮುರಿಯುವುದೂ ಅದಕ್ಕೇ ಎನ್ನುತ್ತಾಳೆ. ಬಿಡೋಣ ಎಂದರೆ ಮನೆಯಲ್ಲಿ ಅಷ್ಟು ಮೆತ್ತಗಿನ, ಅಷ್ಟು ಅಗಲದ ಬಟ್ಟೆ ಇನ್ನೊಂದಿರಲಿಲ್ಲ. ಉಗುರು ಕತ್ತರಿಯಿಂದ ಆ ಪಾದವನ್ನು ಸುತ್ತ ಬಿಡಿಸಿ ತೆಗೆದೆ. ದೇವರನ್ನೂ ಪಾದವನ್ನೂ ಮಡಿಸಿ ದೇವರ ಗೂಡಿನಲ್ಲಿಟ್ಟು, ತಪ್ಪಾಯ್ತು ಅಂತ ಕೈಮುಗಿದೆ. ಹುಲಿಯನ್ನು ಒಳಮಗ್ಗುಲಲ್ಲೇ ಬಿಟ್ಟು, ಅದರ ಮೇಲೆ ಹಳೆ ಸೀರೆಯ ತುಂಡೊಂದನ್ನು ತೇಪೆ ಹಾಕಿ ಮುಚ್ಚಿದೆ. ಹೊಟ್ಟೆಯ ಕಡೆಗೇ ಬರುವಂತೆ ಇಟ್ಟೆ. ಹಿಂದಕ್ಕಿಟ್ಟರೆ ಅವ್ವ ಅದರ ಮೇಲೆ ಕೂರುತ್ತಾಳಲ್ಲ.

ಹೊಲಿಯುವುದೂ ಸುಲಭವಾಗಲಿಲ್ಲ. ನನ್ನದು ಮದುವೆಯಲ್ಲಿ ಅವ್ವ ಕೊಟ್ಟ ಕಾಲುಮಿಷನ್ನು. ಅದಕ್ಕೆ ಹಿಗ್ಗುವ ಬಟ್ಟೆ ಅಂದರೆ ಆಗದು, ಹಲ್ಲಿಗೆ ಸಿಕ್ಕಿಸಿಕೊಂಡು ಒಳಗೆಳೆಯುತ್ತದೆ. ಕೆಳಗೆ ನ್ಯೂಸ್ ಪೇಪರಿನ ಪಟ್ಟಿ ಇಟ್ಟು ಪೇಪರಿನ ಸಮೇತ ಹೊಲಿದು, ಆಮೇಲೆ ಪೇಪರ್ ಹರಿದು ತೆಗೆದೆ. ಕೇಸರಿಗೆ ನೀಲಿ ಸೇರಿತು. ಮೇಲ್ಗಡೆ ಮಡಿಸಿ ನಾಲ್ಕು ಬೆರಳಗಲದ ಎಲಾಸ್ಟಿಕ್ ಸೇರಿಸಿದೆ. ಸಂಜೆಗೆ ಲಂಗ ತಯಾರಾಯಿತು.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ನೈಟಿಯಲ್ಲ ಎಂಬುದು ಖಾತ್ರಿಯಾಯಿತು. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದಳು. ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ದಾರ ಪಟಪಟನೆ ಕಿತ್ತು ಬಂತು.

"ನೋಡ್ದಾ?" ಎಂದು ಲಂಗವನ್ನು ಪಕ್ಕಕ್ಕೆ ಹಾಕಿ ಮಲಗಿಬಿಟ್ಟಳು.

ನನಗೆ ರೇಗಿತು. "ಯಾರವ್ವಾ ಹಿಂಗೆ ಎಳೀತಾರೆ? ಉಟ್ಕೊಳ್ಳೋಕೆ ಕೊಟ್ಟಿದ್ದು, ಹಗ್ಗ ಜಗ್ಗೋಕಲ್ಲ."

"ಕಳಚ್ಕಂಡ್ರೆ ಯಾರು ಎತ್ತಾರು? ಎರ್ಡು ಕೈಯೂ ಆ ಕಬ್ಣದ ಮ್ಯಾಲೇ ಇರ್ತವೆ."

ಅವ್ವ ಸೂರು ನೋಡುತ್ತ ಹೇಳಿದಳು. ಕಲ್ಲಿನ ಹತ್ತಿರ ಬಿದ್ದಾಗ ಸೀರೆ ಕಲ್ಲಿನ ಮೂಲೆಗೆ ಸಿಕ್ಕಿ ಪೂರಾ ಬಿಚ್ಚಿಕೊಂಡಿತ್ತು. ಲಂಗದ ಲಾಡಿಯೂ ಕಿತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಕೂಗು ಕೇಳಿ ಮೊದಲು ಓಡಿ ಬಂದವರು ಡೇರಿಯ ಹತ್ತಿರ ನಿಂತಿದ್ದ ಗಂಡಸರು, ನಾಲ್ಕು ಜನ. ಕೈ ಚಾಚಿ ಸೀರೆ ಎಳೆದುಕೊಳ್ಳಲು ನೋಡಿದರೆ ನೋವಿಗೆ ಕೈ ಬರಲಿಲ್ಲ. ಅವರಲ್ಲೊಬ್ಬ ತನ್ನ ಟವೆಲ್ ಹಾಕಿ ಮುಚ್ಚಿ ಎತ್ತಿದ.

"ಎಲ್ಲ ನಾನು ಎತ್ತಿ ಆಡ್ಸಿದ್ ಐಕ್ಳು. ನೋಡ್ಬುಟ್ರು ಕಣವ್ವ," ಎಂದಳು. "ಇನ್ನೊಂದು ಸಲ ಅಂಗಾಗಕ್ಕಿಂತ ನಾನು ಇಲ್ಲೇ ಮಲಗಿರ್ತೀನಿ ಬುಡು."

ಹದಿನಾಲ್ಕು ದಿನ ನಾನು ಅವಳ ಕಾಲು ನೋಡುತ್ತಿದ್ದೆ. ಅವಳ ಭಯ ಸೊಂಟದಲ್ಲಿತ್ತು. ಐವತ್ತು ವರ್ಷ ಏಳುವಾಗ, ಕೂರುವಾಗ, ನೀರು ಹೊರುವಾಗ ಒಂದು ಕೈ ನೆರಿಗೆಯ ಮೇಲೆ ಇಟ್ಟುಕೊಂಡೇ ಬದುಕಿದ ಹೆಂಗಸಿಗೆ ಎರಡು ಕೈಯನ್ನೂ ವಾಕರಿಗೆ ಕೊಡು ಎಂದು ನಾನು ಕಿರುಚುತ್ತಿದ್ದೆ. ಬಿದ್ದಿರು ಎಂದಿದ್ದನ್ನು ನೆನೆದು ನನ್ನ ನಾಲಿಗೆಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸಿತು. "ತಪ್ಪಾಯ್ತು ಕಣವ್ವ," ಅಂದೆ. ಒಂದೇ ದಿನ ಎರಡನೇ ಸಲ ಆ ಮಾತು ನನ್ನ ಬಾಯಿಂದ ಬಂತು, ಅದೂ ದಾಖಲೆ.

ಮಾರನೆಯ ದಿನವೆಲ್ಲ ಬಿಚ್ಚಿ ಹೊಲಿದೆ. ತಪ್ಪು ಎಲ್ಲಿ ಎಂದು ಆಗ ಗೊತ್ತಾಯಿತು. ಬಟ್ಟೆಯನ್ನು ಸುಮ್ಮನೆ ಹಾಸಿ ಹೊಲಿದಿದ್ದೆ. ಬಟ್ಟೆ ಹಿಗ್ಗಿದಾಗ ದಾರ ಹಿಗ್ಗಲಿಲ್ಲ, ಕಿತ್ತಿತು. ಈ ಸಲ ಎರಡೂ ಕೈಯಿಂದ ಬಟ್ಟೆಯನ್ನು ಎಳೆದು ಹಿಡಿದುಕೊಂಡೇ ಹೊಲಿದೆ. ಒಂದರ ಪಕ್ಕ ಒಂದು ಮೂರು ಸಾಲು. ಎಲಾಸ್ಟಿಕ್ಕಿನ ತುದಿಗಳನ್ನು ಕೈಯಲ್ಲೇ ಹೊಲಿದು ಗಟ್ಟಿ ಮಾಡಿದೆ. ಅದಾದ ಮೇಲೆ ಯಜಮಾನರನ್ನು ಕರೆದು ಒಂದು ಕಡೆ ಹಿಡಿಯಿರಿ ಎಂದು ಹೇಳಿ, ಅವ್ವನ ಮಂಚದ ಮುಂದೆಯೇ ಇಬ್ಬರೂ ಕಾಲು ಊರಿ ಜಗ್ಗಿದೆವು. ಅವರು ಸೋಫಾದ ಮೇಲೆ ಬಿದ್ದರು. ಲಂಗ ಕೀಳಲಿಲ್ಲ. ಅವ್ವ ಬಹಳ ದಿನದ ಮೇಲೆ ನಕ್ಕಳು.

"ಕೊಡು ಇಲ್ಲಿ," ಎಂದಳು.

ಹದಿನಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿಸಿ ತೊಡಿಸಿದೆ. ಕೆಳಗೆ ಪಾದದ ಮೇಲೆ ನಾಲ್ಕು ಬೆರಳು ನಿಂತಿತ್ತು, ವಾಕರಿಗೆ ಸಿಗುವಂತಿರಲಿಲ್ಲ. ಮೇಲೆ ರವಿಕೆ. ಮಂಚದ ತುದಿಯಲ್ಲಿ ಕೂತು ಇನ್ನೊಮ್ಮೆ ಪಟ್ಟಿ ಎಳೆದು ನೋಡಿದಳು. ಒಂದು ಕೈ ವಾಕರಿನ ಮೇಲೆ ಇಟ್ಟಳು. ಇನ್ನೊಂದು ಕೈ ಸೊಂಟದ ಮೇಲೇ ಇತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಆ ಕೈ ಮೆಲ್ಲಗೆ ಬಂದು ವಾಕರ್ ಹಿಡಿಯಿತು. ಅವ್ವ ಎದ್ದಳು. ಅಡುಗೆಮನೆಯ ಹೊಸ್ತಿಲವರೆಗೆ ಹನ್ನೊಂದು ಹೆಜ್ಜೆ. ಹೊಸ್ತಿಲ ಬಳಿ ನಿಂತು, "ಒಲೆ ಮ್ಯಾಲೆ ಆಲು ಉಕ್ತಾ ಅದೆ, ಅಳ್ತಾ ನಿಂತಿದ್ದೀಯಲ್ಲ, ಆರ್‍ಸು," ಎಂದಳು. ಅಳು ನಿಲ್ಲಿಸಲು ನನಗಾಗಲಿಲ್ಲ. ಎದೆಯ ಮೇಲಿಂದ ಬೀಸುಕಲ್ಲು ಇಳಿದಂತಾಗಿತ್ತು.

ಐದು ದಿನ ಚೆನ್ನಾಗಿ ನಡೆದಳು. ಪಡಸಾಲೆಯಿಂದ ಹೊರಬಾಗಿಲವರೆಗೂ ಹೋದಳು. ನಾನು ರಜೆ ಮುಗಿಸಿ ಮಳವಳ್ಳಿಗೆ ಹೋಗಲು ಶುರುಮಾಡಿದೆ, ಹಗಲಿಗೆ ಅತ್ತಿಗೆ ಬಂದು ಇದ್ದಳು. ಆರನೆಯ ದಿನ ಸಂಜೆ ಬಸ್ಸಿಳಿದು ಬಂದರೆ ಅತ್ತಿಗೆ ಬಾಗಿಲಲ್ಲೇ ಕಣ್ಸನ್ನೆ ಮಾಡಿದಳು. ಒಳಗೆ ಅವ್ವ ಹೊದಿಕೆ ಹೊದ್ದು ಮಂಚದ ಮೇಲೆ ಕೂತಿದ್ದಳು. ಲಂಗ ಮಡಿಲಲ್ಲಿತ್ತು. ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ತೇಪೆಯ ಹೊಲಿಗೆ ಬಿಚ್ಚಿದ್ದಳು.

"ಒಟ್ಟೆ ತಾವ ಏನೋ ದಪ್ಪಗೆ ಸಿಕ್ತಿತ್ತು," ಎಂದಳು. ಹುಲಿ ನನ್ನನ್ನೇ ನೋಡುತ್ತಿತ್ತು. "ಅಪ್ಪ ಮಾದಪ್ಪ ಎಲ್ಲವ್ನೆ?"

ಎಲ್ಲ ಮುಗಿಯಿತು, ಇವಳು ಇನ್ನು ಏಳುವುದಿಲ್ಲ ಅಂದುಕೊಂಡೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದೇವ್ರ ಗೂಡಲ್ಲಿ. ಗೊತ್ತಿಲ್ದೆ ಕತ್ತರಿ ಹಾಕ್ಬಿಟ್ಟೆ. ಪಾದಾನೂ ಅಲ್ಲೇ ಇಟ್ಟಿದ್ದೀನಿ."

"ತಕ್ಕಂಬಾ."

ತಂದುಕೊಟ್ಟೆ. ಕಣ್ಣಿಗೊತ್ತಿಕೊಂಡಳು. ಪಾದದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮತ್ತೆ ಮಡಿಸಿ ನನ್ನ ಕೈಗೆ ಕೊಟ್ಟು, "ಅಲ್ಲೇ ಮಡಗು, ದೀಪ ಅಚ್ಚು," ಎಂದಳು.

"ಬೇರೆ ಹೊಲ್ಕೊಡ್ತೀನವ್ವ. ಇವತ್ತೇ."

"ಯಾಕೆ?" ಅವ್ವ ಹುಲಿಯ ಮೇಲೆ ಬೆರಳಾಡಿಸಿದಳು. "ಅಪ್ಪನ್ನ ಇಳ್ಸಿ ನೀನು ಮನೆಯೊಳ್ಗೆ ಕೂರ್ಸಿದ್ದೀಯೆ. ಅವ್ನು ಕೂತಿರೋಗಂಟ ಉಲಿ ಸುಮ್ನೆ ನಿಂತಿರ್ತದಾ? ಒತ್ಕಂಡು ಓಗೋದೇ ಅದ್ರ ಕಸ್ಬು. ಈಗ ನನ್ನ ಒತ್ಕಂಡು ಓಯ್ತಾ ಅದೆ. ಇದನ್ನ ಬಿಗಿಯಾಗಿ ಒಲ್ಕೊಡು, ನಿಂಗೆ ತೇಪೆ ಆಕಕ್ಕೂ ಬರಾಕಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಅತ್ತಿಗೆ ಉಸ್ಸೆಂದು ಅಲ್ಲೇ ಕೂತುಬಿಟ್ಟಳು. ನಾನು ದೀಪ ಹಚ್ಚಿ, ಕೈಕಾಲು ತೊಳೆಯುವುದಕ್ಕೂ ಮೊದಲು ಸೂಜಿ ಹಿಡಿದೆ.

ತಿಂಗಳಾದ ಮೇಲೆ ಅವಳನ್ನು ಊರಿಗೆ ಬಿಡಲು ನಾನೇ ಹೋದೆ. ಅಣ್ಣ ಹಿತ್ತಿಲ ಮೆಟ್ಟಿಲ ಜಾಗದಲ್ಲಿ ಇಳಿಜಾರಿಗೆ ಸಿಮೆಂಟು ಹಾಕಿಸಿ ಕಂಬಿ ಇಡಿಸಿದ್ದ. ಅದನ್ನೆಲ್ಲ ನೋಡಿ ಅಲ್ಲೊಂದು ಇಲ್ಲೊಂದು ತಪ್ಪು ಹುಡುಕಿ, ಸಂಜೆ ಅವ್ವ ಬೀದಿಗೆ ಹೋಗಬೇಕು ಅಂದಳು. ಲಂಗ, ರವಿಕೆ. ಮೇಲೆ ಏನು ಹಾಕುವುದು? ಅತ್ತಿಗೆಯ ಕಡೆ ನೋಡದೆ, "ಒಂದ್ ಟವಲ್ಲು ಕೊಡು," ಎಂದಳು. ಅತ್ತಿಗೆ ತಂದು ಹೆಗಲ ಮೇಲೆ ಹೊದಿಸಿದಳು. "ಮಾನ ಬಂತಾ ಅತ್ತೆ?" ಎಂದಳು, ಮುಖ ಗಂಭೀರವಾಗಿ ಇಟ್ಟುಕೊಂಡು.

"ಬಾಯ್ ಮುಚ್ಕಂಡು ಬಾಗ್ಲು ತಗಿ."

ಡೇರಿಯ ಮುಂದೆ ಹಾಲು ಹಾಕಲು ಜನ ಸಾಲುಗಟ್ಟಿ ನಿಂತಿದ್ದರು. ಹಾಲು ಅಳೆಯುವವನು ಅವ್ವನನ್ನು ಕಂಡು ತಲೆ ತಗ್ಗಿಸಿದ. ಅವತ್ತು ಟವೆಲ್ ಹಾಕಿ ಮುಚ್ಚಿದವನು ಅವನೇ ಎಂದು ನನಗೆ ಆಗ ತಿಳಿಯಿತು. ಸಾಲಿನವರೆಲ್ಲ ತಿರುಗಿ ನೋಡಿದರು. ಅವ್ವ ನಿಂತಳು. ಅವಳ ಬಲಗೈ ವಾಕರಿನಿಂದ ಮೇಲೆದ್ದಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಗೊತ್ತಿರಲಿಲ್ಲ. ಕೈ ನೆಟ್ಟಗೆ ಅವನ ಕಡೆಗೆ ಚಾಚಿತು. "ಏನ್ಲಾ, ಕ್ಯಾನಿನ ಮುಚ್ಳ ತಗ್ದು ಬೀದಿ ನೋಡ್ತಾ ನಿಂತಿದ್ದೀಯಲ್ಲ, ನೊಣ ಬೀಳಾಕಿಲ್ವಾ?"

"ಬಂದ್ಯಾ ದೊಡ್ಡವ್ವ," ಎಂದ ಅವನು, ತಲೆಯೆತ್ತಿ, ನಗುತ್ತಾ. ಮುಚ್ಚಳ ಮುಚ್ಚಿದ.

ಅವ್ವ ಅವನಿಗೆ ಇನ್ನೂ ಎರಡು ಮಾತು ಬಯ್ದು, ಕೈಯನ್ನು ಮತ್ತೆ ವಾಕರಿನ ಮೇಲಿಟ್ಟು, ಮುಂದಕ್ಕೆ ನಡೆದಳು. ಬೀದಿ ಮುಗಿಯುವವರೆಗೆ ಅವಳ ಹಿಂದೆಯೇ ಹೋದೆ. ಒಂದು ಸಲವೂ ಕೈ ಸೊಂಟಕ್ಕೆ ಹೋಗಲಿಲ್ಲ.